ಹೆಣಿಗೆ ಕ್ಲಾಸಿನ ಸುಳ್ಳು

ಮನೆಯಿಂದ,
ಸೋಮವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಅಕ್ಕಾ,

ಮಂಡಿ ಹೇಗಿದೆ? ಆಪರೇಷನ್ ಆಗಿ ಮೂರು ವಾರವಾಯಿತು. ಕೋಲು ಹಿಡಿದು ನಡೆಯುತ್ತಿದ್ದೀಯಾ, ಇಲ್ಲ "ನನಗೇನಾಗಿದೆ ಧಾಡಿ" ಎಂದು ಕೋಲನ್ನು ಮೂಲೆಗೆ ಒರಗಿಸಿ ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದೀಯಾ? ನಿನ್ನನ್ನು ನಾನು ಬಲ್ಲೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಫೋನು ಎತ್ತಿದರೆ ಸಾಕು, ಇವರು ಪಕ್ಕಕ್ಕೆ ಬಂದು ಕೂತು ಸ್ಪೀಕರ್ ಒತ್ತಿ, ನಿನ್ನ ಮಾತಿಗೆ ನನಗಿಂತ ಮೊದಲು ಉತ್ತರ ಕೊಟ್ಟುಬಿಡುತ್ತಾರೆ. ಅದಕ್ಕೇ ಈ ಕಾಗದ. ಇವರು ಮಲಗಿದ್ದಾರೆ, ಮೂರಕ್ಕೆ ಏಳುತ್ತಾರೆ.

ಇವರ ಎಡಗಣ್ಣು ಮಂಜಾಗಿ, ಇನ್ನು ಕಾರು ಓಡಿಸಕೂಡದೆಂದು ಡಾಕ್ಟರು ಹೇಳಿ ಒಂದು ವರ್ಷವಾಯಿತಲ್ಲ, ಅವತ್ತಿನಿಂದ ನಮ್ಮ ಮನೆಗೆ ಗೇಟು ಇದೆ, ದಾರಿ ಇಲ್ಲ. ಬೆಳಿಗ್ಗೆ ಎದ್ದು ಕಾರು ಒರೆಸುತ್ತಾರೆ, ಐದು ನಿಮಿಷ ಎಂಜಿನ್ ಚಾಲೂ ಮಾಡಿ ಒಳಗೆ ಕೂತಿರುತ್ತಾರೆ, ಇಳಿದು ಬಂದು ಕಾಫಿ ಕೇಳುತ್ತಾರೆ. ನಾನು ಮೂಲೆ ಅಂಗಡಿಗೆ ಹೋದರೂ ಹತ್ತು ನಿಮಿಷಕ್ಕೆ ಫೋನು. ನಿನ್ನನ್ನು ನೋಡಿ ಬರುತ್ತೇನೆ, ಎರಡು ಬಸ್ಸು ಬದಲಾಯಿಸಿದರಾಯಿತು ಎಂದರೆ, "ನೀನು ಹೋದ್ಮೇಲೆ ನನಗೇನಾದ್ರೂ ಆದ್ರೆ?" ಎನ್ನುತ್ತಾರೆ. ಸರಿ, ಒಟ್ಟಿಗೆ ಹೋಗೋಣ ಎಂದರೆ ಬಸ್ಸು ಹತ್ತಲಾರರಂತೆ. ಕೆಟ್ಟವರಲ್ಲ ಅಕ್ಕಾ, ಹೆದರಿದ್ದಾರೆ. ಆದರೆ ಅವರ ಹೆದರಿಕೆಗೆ ನಾನು ಕಾವಲು ಕೂತು ಕೂತು ಉಸಿರು ಕಟ್ಟಿದೆ. ನಿನಗೆ ಆಪರೇಷನ್ ಆದ ದಿನ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ.

ಈಗ ವಿಷಯ ಹೇಳುತ್ತೇನೆ, ಅರವತ್ತಕ್ಕೆ ಅರಳುಮರಳು ಎಂದು ನಗಬೇಡ. ಐದು ತಿಂಗಳಿಂದ ಕಾರು ಕಲಿಯುತ್ತಿದ್ದೇನೆ. ಮಂಗಳವಾರ, ಶುಕ್ರವಾರ, ಹನ್ನೊಂದರಿಂದ ಒಂದು. ಮನೆಯಲ್ಲಿ ಹೆಣಿಗೆ ಕ್ಲಾಸು, ಅಲ್ಲಿ ಫೋನು ಎತ್ತುವ ಹಾಗಿಲ್ಲ ಎಂದು ಹೇಳಿದ್ದೇನೆ. ನಲವತ್ತನೇ ವಯಸ್ಸಿನಲ್ಲಿ ಒಮ್ಮೆ ಕಲಿಸಿಕೊಡಿ ಎಂದು ಕೇಳಿದ್ದಕ್ಕೆ "ನಾನಿದ್ದೀನಲ್ಲ, ನಿನಗ್ಯಾಕೆ?" ಎಂದಿದ್ದರು. ಎರಡನೇ ಸಲ ಕೇಳುವ ಧೈರ್ಯ ಬರಲಿಲ್ಲ.

ಒಂದು ಸುಳ್ಳಿಗೆ ಹತ್ತು ಸುಳ್ಳು ಎಂಬ ಮಾತು ನಿಜ. ಹೆಣಿಗೆ ಕ್ಲಾಸಿಗೆ ಹೋಗುವವಳು ಏನಾದರೂ ಹೆಣೆದು ತೋರಿಸಬೇಕಲ್ಲ? ಒಂದು ಕಾರಿಗೆ ನಾವು ಮೂವರು ಕಲಿಯುವವರು. ನನ್ನ ಸರದಿ ಬರುವತನಕ ಹಿಂದಿನ ಸೀಟಿನಲ್ಲಿ ಕೂತು ಮಫ್ಲರು ಹೆಣೆಯುತ್ತೇನೆ. ಮುಂದೆ ಕಲಿಯುವ ಪೋಸ್ಟ್ ಆಫೀಸಿನ ಹುಡುಗಿ ಬ್ರೇಕ್ ಒತ್ತಿದಾಗೆಲ್ಲ ನನ್ನ ಹೆಣಿಗೆ ಬಿಗಿ, ಗೇರ್ ಬದಲಾಯಿಸಿದಾಗ ಸಡಿಲ. ಇವರೋ, ಮೂವತ್ತು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ ಪರೀಕ್ಷೆ ಮಾಡಿದ ಮನುಷ್ಯ! ಮನೆಗೆ ಬಂದ ತಕ್ಷಣ ಟೇಪು ಹಿಡಿದು ಮಫ್ಲರು ಅಳೆಯುತ್ತಾರೆ. "ಈ ತುದಿ ಒಂಬತ್ತಿಂಚು, ಆ ತುದಿ ಹನ್ನೆರಡು! ನಿಮ್ಮ ಟೀಚರಿಗೆ ಕಣ್ಣು ಕಾಣಲ್ವಾ? ನಾನೇ ಬಂದು ಮಾತಾಡ್ತೀನಿ." ಬೇಡ ಬೇಡ ಎಂದು ಕಾಲು ಹಿಡಿಯುವುದೊಂದು ಬಾಕಿ. ಪಾಪ, ಆ ಸೊಟ್ಟ ಮಫ್ಲರನ್ನೇ ಸುತ್ತಿಕೊಂಡು ವಾಕಿಂಗ್ ಹೋಗಿ, ನನ್ನ ಹೆಂಡತಿ ಹೆಣೆದದ್ದು ಎಂದು ಎಲ್ಲರಿಗೂ ತೋರಿಸಿ ಬಂದರು. ಅವತ್ತು ನನಗೆ ಅನ್ನ ಸೇರಲಿಲ್ಲ.

ಮೊದಲ ಪರೀಕ್ಷೆಯಲ್ಲಿ ಕೈಬ್ರೇಕು ಇಳಿಸದೆ ಹೊರಟು ಫೇಲಾದೆ. ಎರಡನೆಯದರಲ್ಲಿ ಪಾಸು. ಲೈಸೆನ್ಸು ಬಂದು ವಾರವಾಯಿತು, ಉಲ್ಲನ್ ಉಂಡೆಯೊಳಗೆ ಸುತ್ತಿಟ್ಟಿದ್ದೇನೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಿರುವಾಗಲೇ ನಿನ್ನೆ ಇವರು ಊಟಕ್ಕೆ ಕೂತು, "ಓಡಿಸೋರಿಲ್ಲದ ಕಾರು ಯಾಕೆ? ಔಷಧಿ ಅಂಗಡಿಯವರು ಕೇಳ್ತಿದ್ದಾರೆ, ಕೊಟ್ಬಿಡ್ತೀನಿ" ಎಂದರು. ಬಾಯಲ್ಲಿ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೇಳಿದರೆ ಐದು ತಿಂಗಳ ಮೋಸ ಬಯಲಾಗುತ್ತದೆ. ಹೇಳದಿದ್ದರೆ ಕಾರು ಹೋಗುತ್ತದೆ, ಅದರ ಜೊತೆಗೆ ನಾನು ಹೊರಗೆ ಹೋಗುವ ದಾರಿಯೂ ಹೋಗುತ್ತದೆ. ಮೂರಕ್ಕೆ ಎದ್ದಾಗ ಹೇಳಲೇಬೇಕು. ಆ ಧೈರ್ಯಕ್ಕೇ ನಿನಗೆ ಇಷ್ಟು ಬರೆದದ್ದು.

ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೋ. ಮೆಟ್ಟಿಲು ಹತ್ತಬೇಡ. ನಿನ್ನ ಮಂಡಿಗೂ ನನ್ನ ಹಣೆಬರಹಕ್ಕೂ ಸೇರಿಸಿ ಒಳ್ಳೆಯದಾಗಲಿ ಎಂದುಕೋ.

ನಿನ್ನ
ಪುಟ್ಟಿ

ಮತ್ತೊಂದು ಮಾತು: ಲಕೋಟೆ ಅಂಟಿಸುವ ಮೊದಲೇ ಔಷಧಿ ಅಂಗಡಿಯವರು ಬಂದೇಬಿಟ್ಟರು. ಕಾರು ಹೊರಗೆ ತೆಗೆಯಿರಿ, ನೋಡೋಣ ಎಂದರು. ಅವರಿಗೆ ಓಡಿಸಲು ಬರುವುದಿಲ್ಲವಂತೆ, ಮಗನಿಗಾಗಿ ಕೊಳ್ಳುತ್ತಿರುವುದು. ಇವರು ನಿದ್ದೆಯಿಂದ ಎದ್ದು ಬಂದು, ಕಣ್ಣು ಉಜ್ಜಿಕೊಂಡು ನಿಂತರು. ನಾನು ಬೀಗದ ಕೈ ತೆಗೆದುಕೊಂಡು ಹೋಗಿ ಕೂತೆ, ಹಿಂದಕ್ಕೆ ತೆಗೆದು ಗೇಟು ದಾಟಿಸಿ, ಬೀದಿ ಸುತ್ತಿ ತಂದು ನಿಲ್ಲಿಸಿದೆ. ಇವರು ಗೀರು ಬಿದ್ದಿದೆಯಾ ಎಂದು ಕಾರನ್ನು ಒಂದು ಸುತ್ತು ನೋಡಿ ಬಂದರು. ಆಮೇಲೆ ಅಂಗಡಿಯವರ ಕಡೆ ತಿರುಗಿ ಹೇಳಿದರು: "ನೋಡಿ, ಇವಳ ಕೈಗೇ ಇಷ್ಟು ಚೆನ್ನಾಗಿ ಓಡುತ್ತೆ ಅಂದ್ಮೇಲೆ ಗಾಡಿ ಹೇಗಿದೆ ಅಂತ ನಾನು ಬೇರೆ ಹೇಳ್ಬೇಕಾ?" ಅಲ್ಲೇ ವ್ಯಾಪಾರ ಮುಗಿಯಿತು. ಭಾನುವಾರ ಮಗನನ್ನು ಕರೆತಂದು ಒಯ್ಯುತ್ತಾರೆ. ಇವರು ನನ್ನ ಜೊತೆ ಮಾತ್ರ ಇನ್ನೂ ಒಂದು ಮಾತೂ ಆಡಿಲ್ಲ. ಬೀಗದ ಕೈ ನನ್ನ ಹತ್ತಿರವೇ ಉಳಿದಿದೆ, ಯಾರೂ ಕೇಳಿಲ್ಲ. ಶನಿವಾರ ಹತ್ತು ಗಂಟೆಯೊಳಗೆ ನಿನ್ನ ಮನೆ ಗೇಟಿನ ಎರಡೂ ಬಾಗಿಲು ತೆಗೆಸಿಡು. ಒಂದೇ ಬಾಗಿಲಲ್ಲಿ ನುಗ್ಗಿಸುವಷ್ಟು ನಾನಿನ್ನೂ ಕಲಿತಿಲ್ಲ.