ಗೂಟ ಎರಡಿಂಚು ಈಚೆಗೆ

ತಮ್ಮಾ,

ಎದ್ದ ಕೂಡಲೇ ಹಿತ್ತಲಿಗೆ ಹೋಗು. ನೀನು ಹೊಡೆದ ಗೂಟದಿಂದ ಪಕ್ಕದವರ ಗೋಡೆಗೆ ಇರುವುದು ನಾಲ್ಕಡಿಯಲ್ಲ, ಮೂರಡಿ ಹತ್ತಿಂಚು. ಸ್ಟೀಲ್ ಟೇಪಿನಲ್ಲಿ ಮೂರು ಸಲ ಅಳೆದೆ. ನೀನು ಅಳೆದದ್ದು ಚಿಕ್ಕಮ್ಮನ ಹೊಲಿಗೆ ಟೇಪಿನಲ್ಲಿ. ಅದರ ಮೊದಲ ಎರಡಿಂಚು ಹರಿದುಹೋಗಿ ಹತ್ತು ವರ್ಷವಾಯಿತು.

ಹಿತ್ತಲಲ್ಲಿ ಇನ್ನೊಂದು ಸಣ್ಣ ಮನೆ ಯಾರು ಬೇಕಾದರೂ ಕಟ್ಟಿಕೊಳ್ಳಬಹುದೆಂದು ನಗರಸಭೆ ಆದೇಶ ಹೊರಡಿಸಿರುವುದು ನಿಜ. ಪಕ್ಕದ ಗೋಡೆಯಿಂದ ನಾಲ್ಕಡಿ ಬಿಡಬೇಕೆಂಬುದೂ ಅದೇ ಆದೇಶದಲ್ಲಿದೆ. ಹನ್ನೊಂದಕ್ಕೆ ಇಂಜಿನಿಯರ್ ಅಳೆಯಲು ಬರುತ್ತಾರೆ. ತಕರಾರು ಕೊಟ್ಟಿರುವ ಪಕ್ಕದ ಮನೆ ಮೇಷ್ಟ್ರು ಅಲ್ಲೇ ನಿಂತಿರುತ್ತಾರೆ.

ಇನ್ನೊಮ್ಮೆ ಅಳೆ ಅಂದದ್ದಕ್ಕೆ ನಿನ್ನೆ ನೀನು, "ಇದೇನು ನಿನ್ನ ಪೇಪರ್ ಆಫೀಸಾ, ಬಿಡಕ್ಕ" ಅಂದೆ. ಪೇಪರಿನಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಇಲ್ಲಿ ನಮ್ಮ ಅರ್ಜಿ ತಿರಸ್ಕಾರವಾದರೆ ಆರು ತಿಂಗಳು ಮತ್ತೆ ಹಾಕುವಂತಿಲ್ಲ. ಚಿಕ್ಕಮ್ಮ ಬಾಡಿಗೆ ರೂಮು ಬಿಡಲು ಉಳಿದಿರುವುದು ನಾಲ್ಕೇ ತಿಂಗಳು. ನಮ್ಮ ನಡುಮನೆಯಲ್ಲಿ ಮಲಗಲು ಅವಳು ಒಪ್ಪುವುದಿಲ್ಲ, ನಿನಗೂ ಗೊತ್ತು.

ಗೋಡೆ ಕಡೆಯ ಎರಡೂ ಗೂಟ ಕಿತ್ತು ಎರಡಿಂಚು ಈಚೆಗೆ ಹೊಡೆ. ಕೋಣೆ ಅಷ್ಟು ಕಿರಿದಾದರೆ ಆಗಲಿ. ಹಳೆಯ ಸುಣ್ಣದ ಗೆರೆ ಅಳಿಸು. ಇಂಜಿನಿಯರ್ ಕೇಳಿದರೆ, ಬೆಳಿಗ್ಗೆ ಸರಿಪಡಿಸಿದೆವು ಎಂದು ಇದ್ದದ್ದನ್ನೇ ಹೇಳು. ಮೇಷ್ಟ್ರ ಜೊತೆ ಮಾತಿಗೆ ಮಾತು ಬೆಳೆಸಬೇಡ. ಸ್ಟೀಲ್ ಟೇಪು ಫ್ರಿಜ್ ಮೇಲಿದೆ.

ಚಿಕ್ಕಮ್ಮನಿಗೆ ಏನೂ ಹೇಳಬೇಡ. ಇನ್ನೂ ಕಟ್ಟದ ಆ ಮನೆಯ ಕಿಟಕಿಗೆ ಅವಳು ಆಗಲೇ ಪರದೆ ಹೊಲಿದಿಟ್ಟಿದ್ದಾಳೆ. ಅದೇ ಟೇಪಿನಲ್ಲಿ ಅಳೆದು, ಹರಿದುಹೋದ ಎರಡಿಂಚನ್ನು ಲೆಕ್ಕಕ್ಕೆ ಹಿಡಿದೇ.

ಅಕ್ಕ