ಸವೆದ ಕೆಂಪು ಕಲ್ಲು

ಮನೆಯಿಂದ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಆಪರೇಷನ್ ಆದ ಕಣ್ಣನ್ನು ಉಜ್ಜಿಕೊಳ್ಳುತ್ತಿಲ್ಲ ತಾನೆ? ಕಲ್ಲು ಉಜ್ಜಿ ಅಭ್ಯಾಸವಾದ ಕೈ, ಸುಮ್ಮನಿರಲಿಕ್ಕಿಲ್ಲ ಅಂತ ಕೇಳಿದೆ. ಇದನ್ನು ಅಣ್ಣ ನಿಮಗೆ ಓದಿ ಹೇಳುತ್ತಾನೆ, ನಡುನಡುವೆ ನಗುತ್ತಾನೆ. ನಗಲಿ ಬಿಡಿ. ಪುಟ್ಟಿ ಅಂಬೆಗಾಲಿಟ್ಟು ಮನೆಯೆಲ್ಲ ಸುತ್ತುತ್ತಾಳೆ, ಸಿಕ್ಕಿದ್ದೆಲ್ಲ ಬಾಯಿಗೆ. ಇನ್ನೂ ಬೊಚ್ಚುಬಾಯಿ. ನನಗೆ ನಿದ್ದೆಯೊಂದು ಬಿಟ್ಟು ಬೇರೇನೂ ಕೊರತೆಯಿಲ್ಲ.

ಅಣ್ಣನ ಮನೆಗೆ ಹೊರಡುವಾಗ ನೀವು ಬಚ್ಚಲ ಪಕ್ಕದ ಕೋಣೆಯಲ್ಲಿ ಬಣ್ಣದ ಕಲ್ಲುಗಳನ್ನು ಉಜ್ಜುವ ಪುಡಿಯೊಂದಿಗೆ ಡಬ್ಬಿಯಲ್ಲಿ ತಿರುಗಿಸಿ ಹೊಳಪು ಕೊಡುವ ನಿಮ್ಮ ಮಿಷನ್ನನ್ನು ಹಾಗೇ ಓಡಲು ಬಿಟ್ಟು, "ಡಬ್ಬೀಲಿ ಒರಟು ಪುಡಿ ಇದೆ, ಒಂದು ವಾರ ಬಿಟ್ಟು ತೊಳೆದು ನುಣ್ಣನೆ ಪುಡಿ ಹಾಕು ಮಗಳೇ" ಅಂದಿದ್ದಿರಿ. ಮರೆತಿರಲಿಲ್ಲ ಅಪ್ಪಾ. ಆದರೆ ಆ ಗರಗರ ಸದ್ದಿದ್ದರೆ ಮಾತ್ರ ಪುಟ್ಟಿ ಮಲಗುತ್ತಿದ್ದಳು. ಸ್ವಿಚ್ಚು ಆರಿಸಿದರೆ ಸಾಕು, ತೊಟ್ಟಿಲಲ್ಲಿ ಕಣ್ಣು ಬಿಟ್ಟಿರುತ್ತಿದ್ದಳು. ಅಳುತ್ತಿರಲಿಲ್ಲ, ಆ ಕೋಣೆಯ ಕಡೆಗೇ ನೋಡುತ್ತಿದ್ದಳು. ಹಾಗಾಗಿ ಇವತ್ತು ನಾಳೆ ಅನ್ನುತ್ತಾ ವಾರಗಟ್ಟಲೆ ಒರಟು ಪುಡಿಯಲ್ಲೇ ತಿರುಗಲು ಬಿಟ್ಟೆ. ಡಿಗ್ರಿ ಮಾಡಿದವಳಿಗೆ ಕಲ್ಲೂ ಸವೆಯುತ್ತದೆ ಅನ್ನುವುದು ಹೊಳೆಯಲಿಲ್ಲ ನೋಡಿ.

ಹೋದ ಸೋಮವಾರ ಧೈರ್ಯ ಮಾಡಿ ಡಬ್ಬಿಯ ಮುಚ್ಚಳ ತೆಗೆದೆ. ಒಳಗೆಲ್ಲ ಬೂದು ಕೆಸರು. ನಿಮ್ಮ ಪ್ರೀತಿಯ ಕೆಂಪು ಕಲ್ಲು ಅಕ್ಕಿಕಾಳಿಗಿಂತ ತುಸು ದೊಡ್ಡದಾಗಿ ಉಳಿದಿತ್ತು. ಹಸಿರು ಕಲ್ಲೂ ಅಷ್ಟೇ. ಒದ್ದೆಯಿದ್ದಾಗ ಹೊಳೆದವು, ಒರೆಸಿದೊಡನೆ ಮಂಕಾದವು. ಒರೆಸಿದ ಮೇಲೂ ಹೊಳೆದರೆ ತಾನೇ ಕೆಲಸ ಮುಗಿದಂತೆ, ನೀವು ಹೇಳುತ್ತಿದ್ದದ್ದು ನೆನಪಿದೆ. ತಟ್ಟೆಯಲ್ಲಿ ಒಣಗಲಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಕೆಂಪು ಕಲ್ಲು ಮಾಯ. ತಟ್ಟೆಯ ಪಕ್ಕ ಪುಟ್ಟಿ ಕೂತಿದ್ದಳು.

ಅವಳ ಬಾಯಿಗೆ ಬೆರಳು ಹಾಕಿ ಹುಡುಕಿದೆ, ಸಿಗಲಿಲ್ಲ, ನುಂಗಿಬಿಟ್ಟಳೆಂದು ಇವರಿಗೆ ಫೋನ್ ಮಾಡಿದೆ. ಇವರು ಆಫೀಸಿಂದ ಓಡಿಬಂದರು, ಆಸ್ಪತ್ರೆಗೆ ಹೋದೆವು. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಡಾಕ್ಟರಮ್ಮ, "ಮಗೂಗೇನೂ ಆಗಿಲ್ಲ, ಮೊದಲು ನೀವು ನಿದ್ದೆ ಮಾಡಿ" ಅಂದರು. ಮನೆಗೆ ಬಂದವಳೇ ಮಿಷನ್ನಿನ ವೈರು ಕಿತ್ತಿಟ್ಟೆ. ಉಳಿದ ಕಲ್ಲುಗಳನ್ನು ತಟ್ಟೆ ಸಮೇತ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೀಲಿ ನನ್ನ ಸರದಲ್ಲೇ ಇದೆ.

ಆಶ್ಚರ್ಯ ಅಂದರೆ, ಅವತ್ತಿನಿಂದ ಪುಟ್ಟಿ ಸದ್ದಿಲ್ಲದೆಯೂ ಗಾಢವಾಗಿ ಮಲಗುತ್ತಾಳೆ. ಸದ್ದಿಲ್ಲದೆ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ತೊಟ್ಟಿಲ ಹತ್ತಿರ ಬಗ್ಗಿದರೆ ಸಣ್ಣಗೆ ಗರಗರ ಕೇಳುತ್ತದೆ. ನಿದ್ದೆಯಲ್ಲೇ ವಸಡು ಮಸೆಯುತ್ತಿರುತ್ತಾಳೆ. ಹಲ್ಲಿಲ್ಲದ ವಸಡಿಗೆ ಅಂಥ ಸದ್ದು ಎಲ್ಲಿಂದ ಬರಬೇಕು? ಇವರನ್ನು ಕರೆದು ಕೇಳಿಸಿದೆ. "ನಂಗೇನೂ ಕೇಳಿಸ್ತಿಲ್ಲ ಕಣೆ" ಅಂದರು. ಆದರೂ ತೊಟ್ಟಿಲಿಂದ ಒಂದು ಹೆಜ್ಜೆ ಹಿಂದೆ ಸರಿದರು.

ಕಣ್ಣಿಗೆ ಹಾಕುವ ಹನಿ ತಪ್ಪಿಸಬೇಡಿ. ಅತ್ತಿಗೆಯನ್ನು, ಮಕ್ಕಳನ್ನು ಕೇಳಿದೆ ಅಂತ ಹೇಳಿ. ಕಣ್ಣು ಬೇಗ ತಿಳಿಯಾಗಲಿ, ಮೊಮ್ಮಗಳ ಮುಖ ಕಣ್ತುಂಬ ನೋಡುವಂತಾಗಲಿ.

ನಿಮ್ಮ ಮಗಳು

ತಾ.ಕ.: ಅಣ್ಣಾ, ಇನ್ನು ನಗಬೇಡ. ಕವರು ಅಂಟಿಸುವ ಮೊದಲು ಪುಟ್ಟಿ ಎದ್ದು ಆಕಳಿಸಿದಳು. ಹಲ್ಲು ಬಂದಿದೆ ಅಪ್ಪಾ, ಕೆಂಪಗೆ. ರಕ್ತವಿರಬೇಕೆಂದು ಹತ್ತಿಬಟ್ಟೆಯಲ್ಲಿ ಒರೆಸಿದೆ. ಒರೆಸಿದ ಮೇಲೂ ಹೊಳೆಯುತ್ತಿದೆ. ಪಕ್ಕದ ವಸಡೂ ಊದಿಕೊಂಡಿದೆ. ಈಗ ಬೀರುವಿನ ಬೀಗ ತೆಗೆದು ನೋಡಿ ಬಂದೆ. ತಟ್ಟೆಯಲ್ಲಿ ಹಸಿರು ಕಲ್ಲಿಲ್ಲ.