ಕೆಡದ ಗಡಿಯಾರ ರಿಪೇರಿಗೆ ಬಂದದ್ದು

ಅಜ್ಜಾ,

ಕಾಗದ ಬರೆಯುವ ರೂಢಿ ತಪ್ಪಿ ಎಷ್ಟೋ ಕಾಲವಾಯಿತು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ನಕ್ಕು ಮಾತು ಹಾರಿಸಿಬಿಡುತ್ತೀಯ. ಸೈನ್ಯದ ಅಕಾಡೆಮಿಗೆ ಸೇರಿದ ವರ್ಷವೇ, ಮೀಸೆ ಸರಿಯಾಗಿ ಮೂಡುವ ಮೊದಲೇ, ನಿನ್ನ ತಲೆ ನರೆಯತೊಡಗಿತು. ಡ್ರಿಲ್ ಮಾಸ್ತರು ಮೈದಾನದ ಆ ತುದಿಯಿಂದ "ಏನಜ್ಜ, ಊರುಗೋಲು ತರಿಸ್ಲಾ?" ಎಂದು ಕೂಗಿದ ದಿನದಿಂದ ನೀನು ಅಜ್ಜನಾದೆ. ಕಂಡದ್ದನ್ನೆಲ್ಲ ಸೋಸಿ ನೋಡುತ್ತೇನೆಂದು ನಾನು ಜರಡಿಯಾದೆ. ಸೈನ್ಯ ಬಿಟ್ಟು ಪಿಂಚಣಿ ಬಂದರೂ ಆ ಹೆಸರುಗಳು ಹಾಗೇ ಉಳಿದಿವೆ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಕೆಲವು ವಾರಗಳಿಂದ ನನಗೆ ನಿನ್ನ ಮೇಲೆ ಅನುಮಾನ. ನಾನು ಹೆಂಡತಿಯ ಅಣ್ಣನನ್ನು ಅನುಮಾನಿಸಿದ್ದೇನೆ, ಹಾಲಿನವನನ್ನು ಅನುಮಾನಿಸಿದ್ದೇನೆ, ಕೆಡದ ಹಲ್ಲನ್ನು ಕಿತ್ತನೆಂದು ಹಲ್ಲಿನ ಡಾಕ್ಟರನ್ನೂ ಅನುಮಾನಿಸಿದ್ದೇನೆ. ಇಷ್ಟು ವರ್ಷದಲ್ಲಿ ನಿನ್ನೊಬ್ಬನನ್ನು ಮಾತ್ರ ಜರಡಿಗೆ ಹಾಕಿರಲಿಲ್ಲ. ನೀನು ನನ್ನ ಬೆನ್ನ ಹಿಂದೆ ಏನು ಮಾಡುತ್ತಿದ್ದೀಯ ಎಂದು ತಿಳಿಯದೆ ನನಗೆ ಊಟ ಸೇರುತ್ತಿರಲಿಲ್ಲ.

ಮೊದಲು ಬಂದವನು ನಮ್ಮ ಬ್ಯಾಚಿನ ಉದ್ದಕಾಲಿನ ಒಂಟೆ. ತನ್ನ ಡ್ರೈವಿಂಗ್ ಸ್ಕೂಲು ಬಿಟ್ಟು ಮದುವೆ ಮುಂಜಿಗೂ ಬರದವನು ಅರ್ಧ ದಿನ ಬಸ್ಸಿನಲ್ಲಿ ಕೂತು, ಮಂಡಿ ಎದೆಗೆ ತಾಗಿಸಿಕೊಂಡು, ಕಂಕುಳಲ್ಲಿ ಒಂದು ಗೋಡೆ ಗಡಿಯಾರ ಇಟ್ಟುಕೊಂಡು ಬಂದ. "ನಿಂತ್ಹೋಗಿದೆ ಕಣೋ. ಅಲ್ಲಿ ಯಾರ ಕೈಲೂ ಆಗ್ಲಿಲ್ಲ, ನೀನೇ ನೋಡ್ಬೇಕು" ಎಂದ. ಹಿಂದೆ ತಿರುಗಿಸಿ ನೋಡಿದೆ. ಬ್ಯಾಟರಿ ಉಲ್ಟಾ ಹಾಕಿತ್ತು. ತಿರುಗಿಸಿ ಹಾಕಿದೆ, ಓಡಿತು. ಒಂಟೆಗೆ ಕೆಂಪು ದೀಪ ಯಾವುದು, ಹಸಿರು ಯಾವುದು ಎಂದು ಊರಿಗೆಲ್ಲ ಕಲಿಸುವಷ್ಟು ಬುದ್ಧಿ ಇದೆ, ಬ್ಯಾಟರಿಯ ಮುಖ ಯಾವ ಕಡೆ ಎಂಬುದು ಗೊತ್ತಿಲ್ಲವೇ? ಗಡಿಯಾರ ಸರಿಹೋದದ್ದಕ್ಕೆ ಅವನ ಮುಖ ಸಪ್ಪಗಾಯಿತು. ಅದನ್ನೂ ಗಮನಿಸಿದೆ. ಆಮೇಲೆ ಎರಡು ದಿನ ನಮ್ಮಲ್ಲೇ ಇದ್ದ, ಬಚ್ಚಲಿಗೆ ಹೋದರೂ ಬಾಗಿಲಾಚೆ ನಿಂತು ಏನಾದರೂ ಮಾತಾಡಿಸುತ್ತಿದ್ದ.

ನನ್ನ ಲೆಕ್ಕಾಚಾರ ಹೀಗಿತ್ತು. ನನ್ನ ಕೆಲಸ ಹೋದ ಕಥೆ ನಿನಗೆ ಗೊತ್ತೇ ಇದೆ. ಮೇಜು ಮಂಚ ಮಾರುವ ಆ ದೊಡ್ಡ ಅಂಗಡಿಯಲ್ಲಿ ನಾನು ಭದ್ರತೆಯ ಮುಖ್ಯಸ್ಥ. ಹೊರಗೆ ಹೋಗುವ ಎಲ್ಲರ ಚೀಲವನ್ನೂ ನೋಡಬೇಕೆಂದು ಬೋರ್ಡು ಬರೆಸಿದವನು ಮಾಲೀಕನೇ. ನಾನು ಅವನ ಅತ್ತೆಯ ಚೀಲವನ್ನೂ ನೋಡಿದೆ. ಅದರೊಳಗೆ ಅಂಗಡಿಯದೇ ಹಿತ್ತಾಳೆ ಹಿಡಿಕೆಗಳು ಸಿಕ್ಕವು. ಹಿಡಿಕೆ ಸಿಕ್ಕಿದ್ದು ಅವರ ಚೀಲದಲ್ಲಿ, ಕೆಲಸ ಹೋದದ್ದು ನನ್ನದು. ನೀನೋ ಊರೂರಿಗೆ ಕಾವಲುಗಾರರನ್ನು ಒದಗಿಸುವ ಕಂಪನಿ ನಡೆಸುತ್ತೀಯ, ಆ ಮಾಲೀಕ ನಿನ್ನ ಗಿರಾಕಿ. ನಾನು ಈ ಸಂಗತಿಯನ್ನು ಯಾರ ಯಾರ ಮುಂದೆ ಬಾಯಿಬಿಟ್ಟಿದ್ದೇನೆ ಎಂದು ಮೂಸಿ ನೋಡಲು ಅವನು ನಿನ್ನನ್ನು ಹಿಡಿದಿರಬೇಕು, ನೀನು ನಮ್ಮ ಹುಡುಗರನ್ನೇ ಛೂ ಬಿಟ್ಟಿರಬೇಕು ಎಂದುಕೊಂಡೆ. ನಗಬೇಡ. ಆಗ ಅದು ಬೆಳಕಿನಷ್ಟು ನಿಚ್ಚಳವಾಗಿ ಕಂಡಿತ್ತು.

ಒಂಟೆ ಬಸ್ಸು ಹತ್ತಿದ ಮರುದಿನ ಡಮರು ಬಂದ, ಟೇಬಲ್ ಫ್ಯಾನು ಹೊತ್ತುಕೊಂಡು. ಅವನು ಈಗ ಆಸ್ಪತ್ರೆಯ ಆಡಳಿತಾಧಿಕಾರಿ ಅಲ್ಲವೇ, ಅಲ್ಲಿ ಫ್ಯಾನು ರಿಪೇರಿಗೆಂದೇ ಸಂಬಳದ ಜನ ಇದ್ದಾರೆ. ಕೇಳಿದರೆ, "ಅವರನ್ನ ನಂಬೋಕಾಗಲ್ಲ ಮಾರಾಯ" ಎಂದ. ಡಮರು ಹೇಗೆಂದು ನಿನಗೆ ಗೊತ್ತು, ಬಾಯಿ ತೆರೆದರೆ ಮುಚ್ಚುವುದಿಲ್ಲ. ಲೋಕದ ಸುದ್ದಿಯನ್ನೆಲ್ಲ ಹೇಳಿದ, ಬಂದದ್ದೇಕೆ ಎಂಬುದೊಂದನ್ನು ಬಿಟ್ಟು. ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದವನು ನಮ್ಮ ಮಾತ್ರೆಯ ಡಬ್ಬಿ ತೆರೆದು ನೋಡುತ್ತಿದ್ದುದು ನಡುಮನೆಯ ಕನ್ನಡಿಯಲ್ಲಿ ನನಗೆ ಕಂಡಿತು. ನನಗೆ ಮೈಯೆಲ್ಲ ಉರಿಯಿತು. ಒಂದೇ ತಟ್ಟೆಯಲ್ಲಿ ಉಂಡವನು ನನ್ನ ಮನೆ ಶೋಧಿಸುತ್ತಿದ್ದಾನೆ ಎಂದುಕೊಂಡು, ಅವನು ಹೊರಡುವವರೆಗೂ ಫ್ಯಾನಿನೊಳಗೆ ತಲೆ ಹಾಕಿ ಕೂತೆ.

ಮೂರನೆಯವನು ಮೌನಿ. ತನ್ನ ಗಿಡಗಳ ನರ್ಸರಿ ಬಿಟ್ಟು ಅವನು ಬಂದದ್ದೇ ದೊಡ್ಡದು. ತಂದದ್ದು ಒಂದು ಕೊಡೆ. ಕೈಗೆ ಕೊಟ್ಟು ಎದುರಿಗೆ ಕೂತ. ಅವನ ಚೀಲದಲ್ಲಿ ಟವೆಲ್ಲು ಸುತ್ತಿದ ಇನ್ನೊಂದು ವಸ್ತು ಇಣುಕುತ್ತಿತ್ತು. ನೋಡಿದರೆ ನಿನ್ನ ಚೆಸ್ ಬೋರ್ಡು, ಆ ಮೂಲೆ ಸುಟ್ಟದ್ದು. "ಇದು ನಿನ್ನ ಹತ್ರ ಹೇಗೆ?" ಎಂದೆ. "ಅಜ್ಜ ಕೊಟ್ಟ" ಎಂದ. ಆ ಹೊತ್ತಿಗೆ ಅದರ ಮೇಲೆ ನನ್ನ ಲಕ್ಷ್ಯ ನಿಲ್ಲಲಿಲ್ಲ, ಕೊಡೆಯ ಮೇಲಿತ್ತು. ಕೊಡೆಯ ಕಡ್ಡಿ ತುಕ್ಕು ಹಿಡಿದು ಮುರಿದದ್ದಲ್ಲ. ಇಕ್ಕಳ ಹಾಕಿ ಕತ್ತರಿಸಿದ್ದು, ಕತ್ತರಿಸಿದ ಜಾಗ ಇನ್ನೂ ಹೊಳೆಯುತ್ತಿತ್ತು.

ಆ ಹೊಳೆಯುವ ತುದಿಯನ್ನು ಬೆರಳಲ್ಲಿ ಹಿಡಿದುಕೊಂಡೇ ಕೂತೆ, ಅಜ್ಜ. ನನಗೆ ಹಿಂದೆ ಮಿಂಚುವಿನ ಕೈಗೆ ಕೊಟ್ಟ ನನ್ನ ಬೂಟು ನೆನಪಾಯಿತು.

ಅಕಾಡೆಮಿಯ ಎರಡನೇ ವರ್ಷ. ನಮ್ಮಲ್ಲೆಲ್ಲ ಜೋರಾಗಿ ಓಡುತ್ತಿದ್ದ ಮಿಂಚುವಿನ ಮಂಡಿ ಮುರಿದು, ಅವನನ್ನು ಮನೆಗೆ ಕಳಿಸುವುದು ಖಚಿತವಾಗಿತ್ತು. ಅವನು ಅಳಲಿಲ್ಲ. ಓಟದ ಶೂ ಒಬ್ಬನಿಗೆ, ಕೈಗಡಿಯಾರ ಇನ್ನೊಬ್ಬನಿಗೆ ಕೊಟ್ಟು ನಗುನಗುತ್ತಾ ಓಡಾಡಿಕೊಂಡಿದ್ದ. ನಾವೆಲ್ಲ ಎಂಥ ಗಟ್ಟಿ ಹುಡುಗ ಎಂದು ಹೊಗಳಿದೆವು. ನೀನು ಮಾತ್ರ ನನ್ನನ್ನು ನೀರಿನ ತೊಟ್ಟಿಯ ಹಿಂದೆ ಕರೆದುಕೊಂಡು ಹೋಗಿ, "ಎಲ್ಲಾ ಹಂಚಿಬಿಟ್ಟು ನಗ್ತಿದಾನೆ ಕಣೋ. ಜೀವಕ್ಕೇನಾದ್ರೂ ಮಾಡ್ಕೋತಾನೇನೋ ಅಂತ ಭಯ ಆಗ್ತಿದೆ" ಎಂದೆ. ಹಾಗೆ ಶುರುವಾಯಿತು ನಮ್ಮ ಕಳ್ಳ ಪಹರೆ. ಒಬ್ಬರಾದ ಮೇಲೆ ಒಬ್ಬರು ಅವನ ಜೊತೆಗಿರಬೇಕು, ಪಹರೆ ಎಂದು ಅವನಿಗೆ ಗೊತ್ತಾಗಬಾರದು. ಕೈಗೆ ಕೆಲಸ ಕೊಡಬೇಕು, ಏನಾದರೂ ಮುರಿದದ್ದನ್ನು ತೆಗೆದುಕೊಂಡು ಹೋಗಿ ಸರಿಮಾಡಿಕೊಡು ಎನ್ನಬೇಕು. ನನ್ನ ಪಾಳಿ ಬಂದಾಗ ಮುರಿದದ್ದೇನೂ ಇರಲಿಲ್ಲ. ಚಾಕು ಹಾಕಿ ನನ್ನ ಬೂಟಿನ ಹಿಮ್ಮಡಿಯನ್ನೇ ಕಿತ್ತುಕೊಂಡು ಹೋದೆ. ಅವನು ಸಂಜೆಯವರೆಗೂ ಮೊಳೆ ಹೊಡೆಯುತ್ತ ಕೂತ, ಹೊಡೆಯುತ್ತ ಹೊಡೆಯುತ್ತ ಅತ್ತುಬಿಟ್ಟ. ಈಗ ಮಿಂಚು ಶಾಲೆಯ ಮಕ್ಕಳಿಗೆ ಓಟ ಕಲಿಸುತ್ತಾನೆ, ಹೊಟ್ಟೆ ಬೆಳೆಸಿಕೊಂಡಿದ್ದಾನೆ.

ಅಂದರೆ ಈ ಸಲ ಪಹರೆ ನನ್ನ ಮೇಲೆ. ಮೊದಲು ಬಂದದ್ದು ಸಿಟ್ಟು. ಕೊಡೆಯನ್ನು ಹಾಗೇ ಹಿಡಿದುಕೊಂಡು ಒಳಗೆ ಹೋಗಿ ಹೆಂಡತಿಯನ್ನು ಕೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು, ಮಡಿಸುವುದನ್ನು ನಿಲ್ಲಿಸಲಿಲ್ಲ. "ಹೌದು, ನಾನೇ ಅಜ್ಜಂಗೆ ಫೋನ್ ಮಾಡಿದ್ದು. ಅವರಿವರಿಗೆ ದುರ್ಬೀನು ಕೊಟ್ರಿ, ದಿಕ್ಸೂಚಿ ಕೊಟ್ರಿ, ಕೋಟು ಕೊಟ್ರಿ. ಬೀರು ಖಾಲಿ ಮಾಡ್ತಿದೀನಿ ಅಂದ್ರಿ, ಸುಮ್ನಿದ್ದೆ. ಆಮೇಲೆ ಶೂಗೆ ಪಾಲಿಶ್ ಹಾಕೋದೂ ಬಿಟ್ರಲ್ಲ, ಆಗ ನಂಗೆ ಕೈಕಾಲೇ ಆಡ್ಲಿಲ್ಲ" ಎಂದಳು. ಮದುವೆಯಾದ ಮಾರನೆಯ ಬೆಳಿಗ್ಗೆಯೂ ನಾನು ಪಾಲಿಶ್ ಹಾಕಿದವನು, ಅಜ್ಜ. ಬಿಟ್ಟದ್ದು ನನಗೇ ಗೊತ್ತಾಗಿರಲಿಲ್ಲ.

"ನಿನಗೆಲ್ಲೋ ಭ್ರಾಂತು" ಎಂದು ಅವಳಿಗೆ ಹೇಳಿದೆ. ನಿನಗೆ ಹಾಗೆ ಹೇಳಲಾರೆ. ಬೆಳಿಗ್ಗೆ ಎದ್ದು ಮಂಚದ ಅಂಚಿನಲ್ಲಿ ಕೂತರೆ ಯಾಕೆ ಏಳಬೇಕು ಎಂಬುದಕ್ಕೆ ಉತ್ತರ ಸಿಗದ ದಿನಗಳಿದ್ದವು. ಬಾಗಿಲು ಕಾಯುವ ಕೆಲಸಕ್ಕೂ ಬೇಡವಾದವನು ಇನ್ನೇತಕ್ಕೆ ಬೇಕು ಎನಿಸುತ್ತಿತ್ತು. ಒಂದು ನಿರ್ಧಾರವೆಂದು ನಾನೇನೂ ಮಾಡಿರಲಿಲ್ಲ. ಆದರೆ ನೀವು ಮಾತ್ರೆ ಡಬ್ಬಿ ನೋಡಿದ್ದು ತಪ್ಪಲ್ಲ. ಆ ಹಾಳು ಫ್ಯಾನಿನ ಒಳಗೆ ಡಮರು ಬೇಕೆಂದೇ ಸಡಿಲ ಮಾಡಿದ್ದ ತಂತಿ ಹುಡುಕುತ್ತ ಇಡೀ ದಿನ ಕಳೆದಾಗ, ಎಷ್ಟೋ ದಿನಗಳ ಮೇಲೆ ನನಗೆ ಹಸಿವಾಗಿತ್ತು. ಇದನ್ನು ಬರೆಯುವಾಗ ಕಣ್ಣು ಮಂಜಾಗುತ್ತಿದೆ, ಆಗಲಿ.

ಈಗ ಕಾಗದದ ನಿಜವಾದ ಸಂಗತಿ. ಜರಡಿ ಒಮ್ಮೆ ಕೈಗೆ ಬಂದರೆ ಸುಮ್ಮನಿರುವುದಿಲ್ಲ. ಮೌನಿ ಹೋದ ಮೇಲೆ ಮತ್ತೆ ನಿನ್ನನ್ನೇ ಹಾಕಿ ಸೋಸಿದೆ. ಪಹರೆ ಹಾಕಿದವನು ಮೊದಲ ಪಾಳಿ ತಾನೇ ನಿಲ್ಲಬೇಕು ಎಂದು ರೂಢಿ ಮಾಡಿದವನು ನೀನು. ಮಿಂಚುವಿನ ಪಕ್ಕದಲ್ಲಿ ಮೊದಲು ಕೂತವನೂ ನೀನೇ. ಈ ಸಲ ಎಲ್ಲರನ್ನೂ ಕಳಿಸಿದೆ, ನೀನು ಬರಲಿಲ್ಲ. ಯಾಕೆ? ಶಿಬಿರಕ್ಕೆ ಬೆಂಕಿ ಬಿದ್ದಾಗ ಹಾಸಿಗೆ ಬಿಟ್ಟು ಚೆಸ್ ಬೋರ್ಡು ಎತ್ತಿಕೊಂಡು ಓಡಿದವನು, ನಮ್ಮಲ್ಲಿ ಯಾರನ್ನೂ ಅದರ ಧೂಳು ಒರೆಸಲೂ ಬಿಡದವನು, ಅದನ್ನು ಮೌನಿಗೆ ಯಾಕೆ ಕೊಟ್ಟೆ? ನಿನ್ನ ಹೆಂಡತಿಯನ್ನು ಮದುವೆಯ ಮಂಟಪದಲ್ಲೇ ನಾವು ಅಜ್ಜಿ ಎಂದು ಕರೆದಿದ್ದೆವು, ಅವಳು ನಿನಗಿಂತ ಜೋರಾಗಿ ನಕ್ಕಿದ್ದಳು. ಅಜ್ಜಿ ತೀರಿಕೊಂಡು ವರ್ಷವಾಗುತ್ತಾ ಬಂತು. ನಾವೆಲ್ಲ ಬಂದು ಹೆಗಲು ತಟ್ಟಿ ಹೋದೆವು. ನೀನು ನಗುತ್ತಿದ್ದೆ, ಎಂಥ ಗಟ್ಟಿ ಮನುಷ್ಯ ಎಂದು ಮತ್ತೆ ಹೊಗಳಿದೆವು. ಒಂಟೆಗೆ ಫೋನ್ ಮಾಡಿದೆ. ಅವನಿಗೆ ನೀನು ಕ್ಯಾಮೆರಾ ಕೊಟ್ಟಿದ್ದೀಯ. ಡಮರುವಿಗೆ ರೇಡಿಯೋ ಕೊಟ್ಟಿದ್ದೀಯ.

ನನ್ನ ಮನೆಗೆ ಜನ ಕಳಿಸುತ್ತಾ ಕೂತವನ ಮನೆಗೆ ಯಾರು ಬರುತ್ತಿದ್ದಾರೆ, ಅಜ್ಜ? ನನ್ನ ಅನುಮಾನಗಳಲ್ಲಿ ನೂರಕ್ಕೆ ತೊಂಬತ್ತು ಸುಳ್ಳು. ಇದೂ ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತೇನೆ. ಆದರೆ ಸುಳ್ಳೋ ನಿಜವೋ ಎಂದು ಇಲ್ಲಿ ಕೂತು ಕಾಯಲಾರೆ.

ಗುರುವಾರ ಬರುತ್ತೇನೆ. ನಮ್ಮ ಇಸ್ತ್ರಿ ಪೆಟ್ಟಿಗೆ ಕೆಟ್ಟಿದೆ, ನೀನೇ ನೋಡಬೇಕು. ಹೇಗೆ ಕೆಟ್ಟಿತು ಎಂದು ಕೇಳಬೇಡ, ಸ್ಕ್ರೂ ಡ್ರೈವರ್ ಹಿಡಿದು ನಾನೇ ಕೆಡಿಸಿದ್ದೇನೆ. ಪಹರೆಯವನು ಇದನ್ನೆಲ್ಲ ಹೇಳಬಾರದು ಎಂಬುದು ನಿನ್ನದೇ ನಿಯಮ. ಆ ನಿಯಮ ಮುರಿಯುತ್ತಿದ್ದೇನೆ, ಯಾಕೆಂದರೆ ಗುರುವಾರದವರೆಗಿನ ಪಾಳಿಯನ್ನು ಈ ಕಾಗದವೇ ನಿಲ್ಲಬೇಕು. ನಿನಗೆ ಇಸ್ತ್ರಿ ಪೆಟ್ಟಿಗೆಯ ತಲೆಬುಡ ಗೊತ್ತಿಲ್ಲ. ಒಳ್ಳೆಯದೇ ಆಯಿತು, ಬಹಳ ದಿನ ಹಿಡಿಯುತ್ತದೆ. ಚೆಸ್ ಬೋರ್ಡನ್ನು ಮೌನಿಯಿಂದ ತರಿಸಿಕೊಂಡಿದ್ದೇನೆ, ವಾಪಸ್ ತರುತ್ತಿದ್ದೇನೆ. ಹೊರಡುವುದಕ್ಕೆ ಶೂಗಳಿಗೆ ಪಾಲಿಶ್ ಹಾಕಿ ಬಾಗಿಲ ಬಳಿ ಇಟ್ಟಿದ್ದೇನೆ. ಹೆಂಡತಿ ಎರಡು ಸಲ ಬಂದು ಅವನ್ನು ನೋಡಿ ಹೋದಳು.

ಹೆಸರಿಗೆ ನೀನು ಅಜ್ಜ, ವಯಸ್ಸಿನಲ್ಲಿ ನಾನೇ ಹಿರಿಯ. ಆ ಹಕ್ಕಿನಿಂದ ಹರಸುತ್ತಿದ್ದೇನೆ, ನೂರು ವರ್ಷ ಬಾಳು. ಅಷ್ಟು ದೂರದ ಮಾತು ಈಗ ಬೇಡವೆನಿಸಿದರೆ, ಸದ್ಯಕ್ಕೆ ಗುರುವಾರ ನಾನು ಬಂದಾಗ ಬಾಗಿಲು ತೆಗೆ.

ನಿನ್ನ ಪಾಳಿಯವನು,
ಜರಡಿ